ಬ್ಯಾಕಪ್‌ನಿಂದ ಫೈಲ್ ತಂದಾಗ ಓನರ್ ಕೂಡ ಬರಬೇಕು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಒಂದು ಆಡಿಟರ್ ಆಫೀಸಿನ ಉಬುಂಟು ಸರ್ವರ್ ನೋಡಿಕೊಳ್ಳುವವನು ನಾನು. ಅಡಿಕೆ, ಹುಣಸೆಹಣ್ಣಿನ ಮಂಡಿಯವರ ಲೆಕ್ಕಪತ್ರವೆಲ್ಲ ಅದರಲ್ಲೇ ಇದೆ. ಹಳೇ ಹಾರ್ಡ್ ಡಿಸ್ಕ್ ಸದ್ದು ಮಾಡತೊಡಗಿದಾಗ ಹೊಸ ಮೆಷಿನ್ ತರಿಸಿ, ಬ್ಯಾಕಪ್‌ನಿಂದ ಎಲ್ಲವನ್ನೂ ಅದಕ್ಕೆ ತುಂಬಿಸಿದೆ.

ಉಬುಂಟು ಒಂದು ಬಗೆಯ ಲಿನಕ್ಸ್. ಲಿನಕ್ಸ್ ತನ್ನ ಡಿಸ್ಕಿನಲ್ಲಿ ಫೈಲಿನ ಓನರ್, ಅಂದರೆ ಅದು ಯಾವ ಬಳಕೆದಾರನದ್ದು ಅನ್ನೋದನ್ನು ಹೆಸರಾಗಿ ಬರೆದಿಡುವುದಿಲ್ಲ, ನಂಬರ್ ಆಗಿ ಬರೆದಿಡುತ್ತದೆ. ರೂಟ್, ಅಂದರೆ ಎಲ್ಲ ಅಧಿಕಾರವಿರುವ ಮುಖ್ಯ ಬಳಕೆದಾರ, 0. ಉಬುಂಟುವಿನಲ್ಲಿ ಮೊದಲು ಮಾಡಿದ ಬಳಕೆದಾರ ಸಾಮಾನ್ಯವಾಗಿ 1000. ಆದರೆ ಡೇಟಾಬೇಸ್‌ನಂಥವಕ್ಕೆ ಇನ್‌ಸ್ಟಾಲ್ ಆಗುವಾಗ ಯಾವ ನಂಬರ್ ಖಾಲಿ ಇದೆಯೋ ಅದು ಸಿಗುತ್ತದೆ. ಹಳೇ ಸರ್ವರ್‌ನಲ್ಲಿ 113 ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನದ್ದು. ಹೊಸದರಲ್ಲಿ ಅದೇ 113 ಬೇರೊಂದು ಸೇವೆಗೆ ಹೋಗಿತ್ತು. ನಂಬರನ್ನೇ ನಂಬಿ ತುಂಬಿಸಿದ್ದರೆ ಡೇಟಾಬೇಸ್ ಯಾರದೋ ಪಾಲಾಗುತ್ತಿತ್ತು, ಅಲ್ವಾ?

ಬ್ಯಾಕಪ್ ಇದ್ದ ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್. ವಿಂಡೋಸ್‌ಗೂ ಹಾಕುತ್ತಾರೆ ಅಂತ ಹಾಗೆ ಇಟ್ಟಿದ್ದು. ಎಕ್ಸ್‌ಫ್ಯಾಟ್‌ನಲ್ಲಿ ಲಿನಕ್ಸ್ ಓನರ್ ಉಳಿಯುವುದಿಲ್ಲ, ಹಾಗಾಗಿ ಫೈಲುಗಳನ್ನು ಬಿಡಿಬಿಡಿಯಾಗಿ ಹಾಕದೆ ಟಾರ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ ಇಟ್ಟಿರುತ್ತೇನೆ. ಪೋಸ್ಟ್‌ಗ್ರೆಸ್ ನಿಲ್ಲಿಸಿದ ಮೇಲೆಯೇ ಅದರ ಫೋಲ್ಡರ್ ಟಾರ್ ಮಾಡುವುದು. ಟಾರ್ ಹೆಸರು, ನಂಬರ್ ಎರಡನ್ನೂ ಇಟ್ಟುಕೊಳ್ಳುತ್ತದೆ. ಬಿಚ್ಚುವಾಗ ಮೊದಲು ಆ ಹೆಸರು ಹೊಸ ಮೆಷಿನ್‌ನಲ್ಲಿ ಇದೆಯಾ ಎಂದು ನೋಡುತ್ತದೆ, ಇಲ್ಲದಿದ್ದರೆ ಮಾತ್ರ ನಂಬರ್ ಹಿಡಿಯುತ್ತದೆ. ನನಗೆ ಬೇಕಾಗಿದ್ದೂ ಅದೇ. ಅದಕ್ಕೇ ಮೊದಲು ಪೋಸ್ಟ್‌ಗ್ರೆಸ್‌ನ ಅದೇ ಆವೃತ್ತಿ ಹಾಕಿದೆ, ಸಿಬ್ಬಂದಿಯ ಅಕೌಂಟುಗಳನ್ನೆಲ್ಲ ಮಾಡಿದೆ, ಆಮೇಲೆ ಸೂಡೋ ಕೊಟ್ಟು, ಅಂದರೆ ರೂಟ್ ಅಧಿಕಾರದಲ್ಲಿ, ಬಿಚ್ಚಿದೆ. ಸೂಡೋ ಇಲ್ಲದೆ ಬಿಚ್ಚಿದರೆ ಎಲ್ಲ ಫೈಲೂ ಬಿಚ್ಚಿದವನ ಹೆಸರಿಗೇ ಬರುತ್ತವೆ.

ಇಡೀ ಸಿಸ್ಟಮ್ಮನ್ನೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವಾಪಸ್ ತುಂಬಿಸುವುದಾದರೆ ಲೆಕ್ಕ ಉಲ್ಟಾ. ಪೆನ್‌ಡ್ರೈವ್‌ನ ಬಳಕೆದಾರರ ಪಟ್ಟಿಯೇ ಬೇರೆ. ಆಗ ಹೆಸರು ನೋಡದೆ ನಂಬರನ್ನೇ ಇಡು ಅಂತ ಟಾರ್‌ಗೆ ನ್ಯೂಮರಿಕ್-ಓನರ್, ಫೈಲ್ ನಕಲು ಮಾಡುವ ಆರ್‌ಸಿಂಕ್‌ಗೆ ನ್ಯೂಮರಿಕ್-ಐಡಿಎಸ್ ಕೊಡಲೇಬೇಕು.

ಬಿಚ್ಚಿದ ಮೇಲೆ ಫೈಂಡ್ ಎಂಬ ಕಮಾಂಡ್‌ಗೆ ನೋಯೂಸರ್, ನೋಗ್ರೂಪ್ ಕೊಟ್ಟು, ಯಾವ ಬಳಕೆದಾರನಿಗೂ ಗ್ರೂಪಿಗೂ ಸೇರದ ಫೈಲುಗಳನ್ನು ಹುಡುಕಿದೆ. ಕೆಲಸ ಬಿಟ್ಟುಹೋದ ಒಬ್ಬರ ಫೋಲ್ಡರ್ ಸಿಕ್ಕಿತು, ಹೆಸರಿಲ್ಲ, ಬರೀ 1004. ಆಡಿಟರ್ ಅವರನ್ನೇ ಕೇಳಿ ಆಡಿಟರ್ ಹೆಸರಿಗೇ ಮಾಡಿದೆ. ಪೋಸ್ಟ್‌ಗ್ರೆಸ್ ಬಗ್ಗೆ ಭಯವಿಲ್ಲ, ಓನರ್ ತಪ್ಪಿದ್ದರೆ ಅದು ಶುರುವೇ ಆಗುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಶೇರ್ ಫೋಲ್ಡರ್‌ಗಳೇ ಕಷ್ಟ. ಅಲ್ಲಿ ತಪ್ಪಿದ್ದರೂ ಫೈಲ್ ತೆರೆಯುತ್ತದೆ, ಸೇವ್ ಮಾಡಲು ಹೋದಾಗಲೇ ತಕರಾರು.

ಅಲ್ಲಿನ ಹುಡುಗ, 'ಅಣ್ಣಾ, ಸುಮ್ನೆ ಎಲ್ಲಕ್ಕೂ 777 ಕೊಟ್ಟುಬಿಡಿ' ಅಂದ. 777 ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬೇಡ ಅಂದೆ. ಒಬ್ಬ ವ್ಯಾಪಾರಿಯ ರಿಟರ್ನ್ಸ್ ಆಫೀಸಿನಲ್ಲಿ ಎಲ್ಲರೂ ತೆರೆದು ನೋಡುವಂತೆ ಇಡುವುದು ಸರಿಯಲ್ಲ. ಆ ಫೋಲ್ಡರ್‌ಗಳಿಗೆ ಎಸಿಎಲ್ ಇದೆ, ಯಾರು ನೋಡಬಹುದು, ಯಾರು ತಿದ್ದಬಹುದು ಅನ್ನೋದು ಅದರಲ್ಲೇ ಇರುತ್ತದೆ. ಟಾರ್ ಮಾಡುವಾಗಲೂ ಬಿಚ್ಚುವಾಗಲೂ ಎಸಿಎಲ್ಎಸ್ ಎಂಬ ಆಯ್ಕೆ ಕೊಟ್ಟರೆ ಮಾತ್ರ ಅದು ಜೊತೆಗೆ ಬರುತ್ತದೆ. ಆರ್‌ಸಿಂಕ್‌ನಲ್ಲೂ ಚಿಕ್ಕ 'ಎ' (-a) ಸಾಲದು, ದೊಡ್ಡ 'ಎ' (-A) ಕೂಡ ಬೇಕು. ನಾನು ಗೆಟ್‌ಫ್ಯಾಕ್ಲ್ ಎಂಬ ಕಮಾಂಡ್ ಕೊಟ್ಟು ಆ ಎಸಿಎಲ್ ಪಟ್ಟಿಯನ್ನೂ ಬೇರೆ ಫೈಲಿಗೆ ಬರೆಸಿ ಬ್ಯಾಕಪ್ ಪಕ್ಕದಲ್ಲೇ ಇಡುತ್ತೇನೆ. ಏನಾದರೂ ಏರುಪೇರಾದರೆ ಸೆಟ್‌ಫ್ಯಾಕ್ಲ್ ಕಮಾಂಡ್‌ನ ರೀಸ್ಟೋರ್ ಆಯ್ಕೆಗೆ ಆ ಫೈಲ್ ಕೊಟ್ಟರೆ ಓನರೂ ಅನುಮತಿಗಳೂ ವಾಪಸ್ ಕೂರುತ್ತವೆ.