ಬೋಯಿಂಗ್ 737-800ರ ಹಳೆಯ ರೆಕ್ಕೆಗೆ ವಿಂಗ್‌ಲೆಟ್ ಕೂರಿಸುವುದು

ವಿಂಗ್‌ಲೆಟ್ ಎಂದರೆ ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿ ನಿಲ್ಲುವ ಭಾಗ. ಮೊದಲು ರೆಕ್ಕೆಯ ದಾಖಲೆ ತೆಗೆದು ನೋಡಿ. ವಿಂಗ್‌ಲೆಟ್‌ಗೆಂದೇ ಕಾರ್ಖಾನೆಯಲ್ಲಿ ಬಲಪಡಿಸಿದ ರೆಕ್ಕೆಯಾದರೆ ಕೆಲಸ ಹಗುರ. ಇಲ್ಲದಿದ್ದರೆ ಒಳಗಿನ ಪಕ್ಕೆಲುಬು, ರೆಕ್ಕೆಯುದ್ದಕ್ಕೂ ಹಾಯುವ ಪಟ್ಟಿಗಳಾದ ಸ್ಟ್ರಿಂಗರ್‌ಗಳಿಗೂ ಆಸರೆ ಕೊಡಬೇಕು. ಸುಮಾರು 2.4 ಮೀಟರ್ ಎತ್ತರದ ವಿಂಗ್‌ಲೆಟ್ ರೆಕ್ಕೆಯನ್ನು ಬಾಗಿಸುವ ಬಲವನ್ನು ಹೆಚ್ಚಿಸುತ್ತದೆ, ಅದಕ್ಕೇ ಇಷ್ಟು ಸಿದ್ಧತೆ.

ಇಂಧನ ಖಾಲಿ ಮಾಡಿ, ಟ್ಯಾಂಕಿನ ಆವಿ ಹೊರಹಾಕಿ, ರೆಕ್ಕೆಗೆ ಅಡಿಯಿಂದ ಆನಿಕೆ ಕೊಡಿ. ಆಮೇಲೆ ಹಳೆಯ ತುದಿ ಕಳಚಿ.

ಕೆಲಸ ಕೆಡುವುದು ಹೆಚ್ಚಾಗಿ ಜೋಡಣೆಗೆಂದು ಕೊರೆಯುವ ರಂಧ್ರಗಳಲ್ಲಿ. ಕೊರೆದ ಮೇಲೆ ಭಾಗಗಳನ್ನು ಬೇರ್ಪಡಿಸಿ, ಅಂಚಿನ ಮುಳ್ಳು ತೆಗೆದು, ಚೂರು ಒರೆಸಿಯೇ ಮತ್ತೆ ಜೋಡಿಸಿ. ನಡುವೆ ಅಲ್ಯೂಮಿನಿಯಂ ಚೂರೊಂದು ಉಳಿದರೂ ಭಾಗಗಳು ಬಿಗಿಯಾಗಿ ಕೂರುವುದಿಲ್ಲ, ಉಜ್ಜಾಡಿ ಬಿರುಕು ಹುಟ್ಟುತ್ತದೆ. ಸಂದು ಮುಚ್ಚುವ ಸೀಲಂಟ್ ಬಿ-2 ಬಗೆಯದಾದರೆ ಕಲಸಿದ ಎರಡು ಗಂಟೆಯೊಳಗೆ ಬಳಸಿ ಮುಗಿಸಿ. ಗಟ್ಟಿಯಾಗತೊಡಗಿದ್ದನ್ನು ಎಸೆಯಿರಿ, ಉಳಿತಾಯ ಬೇಡ.

ಸಿಡಿಲು ಹೆಚ್ಚಾಗಿ ಬಡಿಯುವ ಜಾಗಗಳಲ್ಲಿ ರೆಕ್ಕೆಯ ತುದಿಯೂ ಒಂದು. ಬಾಂಡಿಂಗ್ (ವಿದ್ಯುತ್ ಸರಾಗ ಹರಿಯುವಂತೆ ಭಾಗಗಳನ್ನು ಸೇರಿಸುವ) ಜಾಗದ ಬಣ್ಣ ಪೂರ್ತಿ ಕೆರೆದು, ವಿದ್ಯುತ್ ರೋಧ ಅಳೆದು ಬರೆದಿಡಿ. ದೀಪಗಳನ್ನೂ ಪರೀಕ್ಷಿಸಿ.

ಕೊನೆಗೆ ತೂಕ, ಸಮತೋಲನ, ಹಾರಾಟ ಕೈಪಿಡಿಯ ಪೂರಕ ಪುಟ, ಫ್ಲೈಟ್ ಕಂಪ್ಯೂಟರಿನ ದತ್ತಾಂಶ ಇವನ್ನೆಲ್ಲ ಹೊಸದಾಗಿ ಸರಿಪಡಿಸಿ. ರೆಕ್ಕೆಯಗಲ 34.3ರಿಂದ 35.8 ಮೀಟರಿಗೆ ಏರಿದರೂ ವಿಮಾನ ನಿಲ್ದಾಣದ 36 ಮೀಟರಿನ ಗೇಟಿನಲ್ಲಿ ಹಿಡಿಸುತ್ತದೆ. ಶೇ. 3–4ರ ಇಂಧನ ಉಳಿತಾಯ ದೂರದ ಹಾರಾಟಕ್ಕೆ ಮಾತ್ರ. ಗಿಡ್ಡ ಮಾರ್ಗದಲ್ಲಿ ವಿಂಗ್‌ಲೆಟ್‌ನ ತೂಕವೇ ಲಾಭದ ಒಂದಷ್ಟನ್ನು ತಿನ್ನುತ್ತದೆ.