ಆನ್‌ಲೈನ್‌ನಲ್ಲಿ ಚಿನ್ನ: ಹಣ ಕಟ್ಟುವ ಮೊದಲು ನೋಡಬೇಕಾದ್ದು

ಕಾಫಿ ಮಾರಿದ ದುಡ್ಡು ಕೈಗೆ ಬಂದು ಮದುವೆ ದಿನ ಹತ್ತಿರವಾದರೆ ಕೊಡಗಿನ ಮನೆಗಳಲ್ಲಿ ಜೋಮಾಲೆ, ಪತ್ತಾಕ್, ಕೊಕ್ಕೆತಾತಿಯಂಥ ಸಾಂಪ್ರದಾಯಿಕ ಒಡವೆಗಳ ಮಾತು ಏಳುತ್ತದೆ. ವಿರಾಜಪೇಟೆಯದೋ ಮಡಿಕೇರಿಯದೋ ಪರಿಚಯದ ಅಂಗಡಿಗೆ ಹೋಗುತ್ತಿದ್ದವರು ಈಗ ಮೊಬೈಲ್‌ನಲ್ಲೂ ಹುಡುಕುತ್ತಾರೆ. ತಪ್ಪೇನಿಲ್ಲ. ಆದರೆ ಚಂದದ ಫೋಟೊ, ಸಾವಿರಾರು ಫಾಲೋವರ್‌, ವೆಬ್‌ಸೈಟ್‌ ವಿಳಾಸದ ಪಕ್ಕದ ಬೀಗದ ಗುರುತು ಇವ್ಯಾವುವೂ ಮಾರುವವರು ಯಾರೆಂದು ಹೇಳುವುದಿಲ್ಲ. ಅದನ್ನು ಹೇಳುವುದು ದಾಖಲೆ.

ಮೊದಲು ಜಿಎಸ್‌ಟಿ ಸಂಖ್ಯೆ ಕೇಳಿ. 15 ಅಕ್ಷರಗಳ ಈ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ ವಿಭಾಗದಲ್ಲಿ ಹಾಕಿದರೆ ವ್ಯಾಪಾರಿಯ ಕಾನೂನುಬದ್ಧ ಹೆಸರು, ನೋಂದಣಿಯ ದಿನ, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರ ಪ್ಯಾನ್. ಇಡೀ ಸಂಖ್ಯೆಯ ಆರನೇ ಅಕ್ಷರ ‘ಸಿ’ ಆಗಿದ್ದರೆ ಕಂಪನಿ, ‘ಎಫ್’ ಆಗಿದ್ದರೆ ಪಾಲುದಾರಿಕೆ, ‘ಪಿ’ ಆಗಿದ್ದರೆ ಒಬ್ಬ ವ್ಯಕ್ತಿ. ‘ಪ್ರೈವೇಟ್ ಲಿಮಿಟೆಡ್’ ಎಂದು ಹಾಕಿಕೊಂಡವರ ಸಂಖ್ಯೆಯಲ್ಲಿ ‘ಪಿ’ ಕಂಡರೆ ಅಲ್ಲಿಗೇ ಬಿಡಿ. ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದಿದ್ದರೆ ಆ ವ್ಯಾಪಾರಿ ಹೊರರಾಜ್ಯಕ್ಕೆ ಮಾರುವಂತಿಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡುವಂತೆಯೂ ಇಲ್ಲ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ವೆಬ್‌ಸೈಟ್‌ನಲ್ಲಿ ದೂರು ಅಧಿಕಾರಿಯ ಹೆಸರು, ಸಂಪರ್ಕ ಇರಲೇಬೇಕು. ವಾಟ್ಸ್‌ಆ್ಯಪ್ ನಂಬರ್ ಒಂದೇ ಇದ್ದರೆ ಅದು ಅಂಗಡಿಯಲ್ಲ.

ಇನ್ನು ಬೆಲೆ. ಕಡಿಮೆ ಬೆಲೆಗೆ ಮರುಳಾಗುವವರೇ ಹೆಚ್ಚು, ಹಾಗಾಗಿ ಲೆಕ್ಕ ಬರೆದೇ ನೋಡಿ. 24 ಕ್ಯಾರೆಟ್ ಗ್ರಾಮಿಗೆ ₹10,000 ಎಂದಿಟ್ಟುಕೊಂಡರೆ 22 ಕ್ಯಾರೆಟ್‌ಗೆ 916ರ (ಶೇ 91.6 ಶುದ್ಧತೆಯ) ಲೆಕ್ಕದಲ್ಲಿ ₹9,160. ಎಂಟು ಗ್ರಾಂ ಸರಕ್ಕೆ ಚಿನ್ನದ ಬೆಲೆ ₹73,280. ಮಜೂರಿ ಶೇ 12 ಎಂದರೆ ₹8,794. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ ₹2,462. ಹಾಲ್‌ಮಾರ್ಕ್ ಶುಲ್ಕ ಬಿಟ್ಟು ₹84,536 ಆಗುತ್ತದೆ. ಇದೇ ಸರ ₹70,000ಕ್ಕೆ ಎಂದರೆ ಚಿನ್ನದ ಬೆಲೆಯೇ ಹುಟ್ಟಲಿಲ್ಲ. ‘ಮಜೂರಿ ಸೊನ್ನೆ’ ಎನ್ನುವವರು ಗ್ರಾಮಿನ ದರದಲ್ಲೋ ವೇಸ್ಟೇಜ್‌ನಲ್ಲೋ ಅದನ್ನು ಸೇರಿಸಿರುತ್ತಾರೆ.

ಕೊಡಗಿನ ಒಡವೆಗೆ ಇನ್ನೊಂದು ತೊಡಕಿದೆ. ಜೋಮಾಲೆಯ ಗುಂಡುಗಳು ಟೊಳ್ಳು, ಒಳಗೆ ಅರಗು ತುಂಬಿರುತ್ತದೆ. ಪತ್ತಾಕ್‌ನಲ್ಲಿ ಕೆಂಪು ಕಲ್ಲು. ಒಟ್ಟು ತೂಕಕ್ಕೆ ಚಿನ್ನದ ದರ ಕಟ್ಟಿದರೆ ಅರಗು, ಕಲ್ಲು, ದಾರಕ್ಕೂ ಚಿನ್ನದ ಬೆಲೆ ತೆತ್ತಂತೆ. ಒಟ್ಟು ತೂಕ, ಅರಗು–ಕಲ್ಲಿನ ತೂಕ, ಚಿನ್ನದ ನೆಟ್ ತೂಕ ಮೂರನ್ನೂ ಬೇರೆ ಬೇರೆ ಬರೆದುಕೊಡುವಂತೆ ಆರ್ಡರ್‌ಗೆ ಮೊದಲೇ ಕೇಳಿ. ‘ಕೊಡವ ಜ್ಯುವೆಲ್ಲರಿ’ ಹೆಸರಲ್ಲಿ ಬರುವ ಎಷ್ಟೋ ಒಡವೆ ಒನ್ ಗ್ರಾಂ ಗೋಲ್ಡ್ ಅಥವಾ ಬೆಳ್ಳಿಯ ಮೇಲಿನ ಪಾಲಿಶ್. ಹಾಗೆಂದು ಹೇಳಿ ಮಾರಿದರೆ ತಕರಾರಿಲ್ಲ.

ಶುದ್ಧತೆಗೆ ಹಾಲ್‌ಮಾರ್ಕ್ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, 22ಕೆ916ನಂಥ ಶುದ್ಧತೆಯ ಅಂಕಿ, ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ (ಆ ಒಂದು ಒಡವೆಯ ಗುರುತಿನ ಸಂಖ್ಯೆ) ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಕಡ್ಡಾಯ ಹಾಲ್‌ಮಾರ್ಕಿಂಗ್‌ಗೆ ಒಳಪಟ್ಟ ಒಡವೆಯನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಮೂಗುಬೊಟ್ಟಿನಂಥ ಎರಡು ಗ್ರಾಂಗಿಂತ ಹಗುರದವಕ್ಕೆ ವಿನಾಯಿತಿ. ಎಚ್‌ಯುಐಡಿಯ ಫೋಟೊ ತರಿಸಿಕೊಂಡು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ. ಸಂಖ್ಯೆ ಅಸಲಿ ಎಂದು ಕಂಡ ಕೂಡಲೇ ಮುಚ್ಚಬೇಡಿ, ಒಡವೆಯ ಬಗೆ ಓದಿ. ಉಂಗುರದ ಅಸಲಿ ಸಂಖ್ಯೆಯನ್ನು ನಕಲಿ ಸರದ ಮೇಲೆ ಕೆತ್ತುವುದು ಸುಲಭ, ಆ್ಯಪ್ ಮಾತ್ರ ‘ಉಂಗುರ’ ಎಂದೇ ತೋರಿಸುತ್ತದೆ. ಆ್ಯಪ್‌ನಲ್ಲಿ ಆಭರಣ ವ್ಯಾಪಾರಿಯ ಹೆಸರು ಬೇರೆ ಇದ್ದರೆ ಗಾಬರಿ ಬೇಡ, ತಯಾರಕರೋ ಸಗಟು ವ್ಯಾಪಾರಿಯೋ ಮುದ್ರೆ ಹಾಕಿಸಿರಬಹುದು. ಯಾರೆಂದು ಕೇಳಿ, ಉತ್ತರ ತಡವರಿಸಿದರೆ ನಿಲ್ಲಿಸಿ. ಬೆಳ್ಳಿಗೆ ಎಚ್‌ಯುಐಡಿ 2025ರ ಸೆಪ್ಟೆಂಬರ್‌ನಿಂದ ಬಂದಿದ್ದರೂ ಐಚ್ಛಿಕ. ಹಾಗಾಗಿ ಪೀಚೆಕತ್ತಿಯಂಥದ್ದಕ್ಕೆ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಅಲಂಕಾರದ ಕತ್ತಿ) ಬೆಳ್ಳಿಯ ಶುದ್ಧತೆ ಎಷ್ಟೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಒಡವೆ ಕೈಗೆ ಬಾರದೆ ಆ್ಯಪ್‌ನ ಲೆಕ್ಕದಲ್ಲೇ ಚಿನ್ನ ಕೊಳ್ಳುವ ‘ಡಿಜಿಟಲ್ ಗೋಲ್ಡ್’ ಬೇರೆಯೇ ವಿಷಯ. ಅದು ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲವೆಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ನಾಣ್ಯ ಕೊಳ್ಳುವವರು ಮರಳಿ ಕೊಳ್ಳುವ ಷರತ್ತು ಓದಿ. ಬ್ಯಾಂಕ್‌ಗಳು ತಾವೇ ಮಾರಿದ ನಾಣ್ಯವನ್ನೂ ವಾಪಸ್ ಕೊಳ್ಳುವುದಿಲ್ಲ.

ಹಣ ಕಟ್ಟುವಾಗ ಯುಪಿಐಯಲ್ಲಿ ಮೂಡುವ ಹೆಸರು ಜಿಎಸ್‌ಟಿ ದಾಖಲೆಯ ಹೆಸರಿಗೆ ಹೊಂದಬೇಕು. ಅಂಗಡಿಯ ಹೆಸರು ಒಂದು, ಹಣ ಹೋಗುವುದು ಇನ್ಯಾರದೋ ಖಾತೆಗೆ ಎಂದಾದರೆ ಬೇಡ. ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕಿನ ಮೂಲಕ ತಕರಾರು ಎತ್ತಬಹುದು. ಎರಡು ಲಕ್ಷ ಮೀರಿದರೆ ಪ್ಯಾನ್ ಬೇಕು. ‘ಬಿಲ್ ಬೇಡದಿದ್ದರೆ ಕಡಿಮೆ ಮಾಡುತ್ತೇವೆ’ ಎಂಬ ಮಾತಿಗೆ ಒಪ್ಪಿದರೆ ಮುಂದೆ ದೂರು ಕೊಡಲು ನಿಮ್ಮ ಕೈಯಲ್ಲಿ ಏನೂ ಇರದು.

ಪಾರ್ಸೆಲ್ ತೋಟದ ಮನೆತನಕ ಬರುತ್ತದೆಯೋ, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ನಿಲ್ಲುತ್ತದೆಯೋ ಎಂದು ಪಿನ್‌ಕೋಡ್ ಕೊಟ್ಟು ವಿಚಾರಿಸಿ. ನಿಮ್ಮ ಕೈಸೇರುವವರೆಗೆ ವಿಮೆ ಇರಬೇಕು. ನೆಟ್‌ವರ್ಕ್ ಸಿಗದ ಜಾಗಕ್ಕೆ ತರಿಸಿದರೆ ಒಟಿಪಿ ಬರುವುದಿಲ್ಲ, ಪಾರ್ಸೆಲ್ ವಾಪಸ್ ಹೋಗುತ್ತದೆ. ಪೇಟೆಯ ವಿಳಾಸ ಕೊಡುವುದು ಮೇಲು. ಸೀಲ್ ಒಡೆದಿದ್ದರೆ ಸಹಿ ಹಾಕಬೇಡಿ. ಬಿಚ್ಚುವುದನ್ನು ಮೊದಲಿಂದ ಕೊನೆತನಕ ತಡೆಯಿಲ್ಲದೆ ವಿಡಿಯೊ ಮಾಡಿ, ಅದೇ ದಿನ ಆಭರಣದಂಗಡಿಯ ತಕ್ಕಡಿಯಲ್ಲಿ ತೂಗಿಸಿ.

ಅನುಮಾನ ಉಳಿದರೆ ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಒಯ್ಯಿರಿ, ಮೈಸೂರಿನಲ್ಲಿ ಇವೆ. ಮುದ್ರೆಗಿಂತ ಶುದ್ಧತೆ ಕಡಿಮೆ ಬಂದರೆ ಆ ಕೊರತೆಯ ಮೌಲ್ಯದ ಎರಡು ಪಟ್ಟು ಹಾಗೂ ಪರೀಕ್ಷೆಯ ಖರ್ಚು ಕೇಳುವ ಹಕ್ಕಿದೆ. ಹಣ ಪಡೆದು ಮಾಯವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೊದಲ ಕೆಲವು ಗಂಟೆಗಳಲ್ಲಾದರೆ ಖಾತೆಯಲ್ಲಿ ಹಣ ತಡೆಹಿಡಿಯಲು ಸಾಧ್ಯ. ಸರಕಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಮಾರಿದವರು ಮುಂಬೈಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ, ಅಂದರೆ ಮಡಿಕೇರಿಯಲ್ಲೇ, ಎರಡು ವರ್ಷದೊಳಗೆ ದೂರು ಹಾಕಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.