ಪಲ್ಪರ್ ಸದ್ದಿಗೆ ಅಲುಗದೆ ಮಲಗಿದ ಹುಡುಗ

ವಿರಾಜಪೇಟೆ ಹತ್ತಿರ ಆಟಿಸಂ ಇರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಅವರಲ್ಲಿ 8 ವರ್ಷದ ಒಬ್ಬ ಹುಡುಗನಿಗೆ ಫಿಟ್ಸ್ ಶುರುವಾಯಿತು. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿ ಅಂದರು ಡಾಕ್ಟರು. ಅದರ ಜೊತೆಗೇ ಮೆದುಳಿನಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುವ ಎಎಸ್‌ಎಲ್ ಸ್ಕ್ಯಾನ್ ಕೂಡ.

"ಆಟಿಸಂ ಎಷ್ಟಿದೆ ಅಂತ ಇದರಲ್ಲಿ ಗೊತ್ತಾಗುತ್ತಾ ಟೀಚರ್?" ಅವನ ಅಮ್ಮ ಕೇಳಿದರು. ಇಲ್ಲ ಅಂದೆ. ಆಟಿಸಂ ಇರುವ ಮಕ್ಕಳಲ್ಲಿ ಕಿವಿಯ ಪಕ್ಕಕ್ಕೆ ಬರುವ ಟೆಂಪೊರಲ್ ಭಾಗಕ್ಕೆ ರಕ್ತ ಕಡಿಮೆ ಹೋಗುವುದನ್ನು 2000ದಲ್ಲಿ ಫ್ರಾನ್ಸಿನ ಸಂಶೋಧಕರು ಕಂಡಿದ್ದರು. ಅದು ಗುಂಪಿನ ಲೆಕ್ಕ. ಒಂದು ಮಗುವಿನ ಚಿತ್ರ ನೋಡಿ ಆಟಿಸಂ ಇದೆ, ಇಲ್ಲ ಅನ್ನಲು ಬರುವುದಿಲ್ಲ. ಈ ಸ್ಕ್ಯಾನ್ ಫಿಟ್ಸ್‌ಗಾಗಿ, ಅಷ್ಟೇ.

ಇದಕ್ಕೆ ಇಂಜೆಕ್ಷನ್ ಬೇಡ. ಕುತ್ತಿಗೆಯಲ್ಲಿ ಮೇಲೇರುವ ರಕ್ತದ ನೀರಿಗೆ ಯಂತ್ರವೇ ಗುರುತು ಹಾಕುತ್ತದೆ. ಗುರುತು ಇಲ್ಲದ ಚಿತ್ರದಿಂದ ಇರುವ ಚಿತ್ರವನ್ನು ಕಳೆದರೆ ರಕ್ತದ ಹರಿವು ಸಿಗುತ್ತದೆ. ಆ ವ್ಯತ್ಯಾಸ ನೂರರಲ್ಲಿ ಒಂದು ಪಾಲಿನಷ್ಟು! ತಲೆ ಚೂರು ಅಲುಗಿದರೂ ಕೆಟ್ಟಿತು. ನಿದ್ದೆ ಬರಿಸಬಹುದು, ಆದರೆ ಕೆಲವು ಔಷಧಿಗಳು ರಕ್ತದ ಹರಿವನ್ನೇ ಬದಲಿಸುತ್ತವೆ. ಎಚ್ಚರದಲ್ಲೇ ಮಲಗಿಸುತ್ತೇನೆ, ಒಂದು ತಿಂಗಳು ಕೊಡಿ ಅಂತ ಕೇಳಿಕೊಂಡೆ.

ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯೇ ನಮ್ಮ ಯಂತ್ರ. ಸ್ಕ್ಯಾನ್‌ನಲ್ಲಿ ಮುಖದ ಮೇಲೆ ಬರುವ ಚೌಕಟ್ಟಿನ ಬದಲು ತೂತಿನ ಪ್ಲಾಸ್ಟಿಕ್ ಬುಟ್ಟಿ. ಮೊದಲ ದಿನ ಹತ್ತು ಸೆಕೆಂಡ್ ಮಲಗಿದ. ಮೂರು ವಾರಕ್ಕೆ ಐದು ನಿಮಿಷ. ಸ್ಕ್ಯಾನ್ ಸದ್ದನ್ನು ಮೊಬೈಲಿನಲ್ಲಿ ತುಂಬಾ ಮೆಲ್ಲಗೆ ಹಾಕಿದೆ. ಅವನು ಬುಟ್ಟಿಯೊಳಗಿಂದ "ಪಲ್ಪರ್" ಅಂದ. ಕಾಫಿ ತೋಟದಲ್ಲಿ ಬೆಳೆದ ಮಗು ಅಲ್ವಾ! ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮಿಷನ್ ಮುಂದೆ ಗಂಟೆಗಟ್ಟಲೆ ನಿಲ್ಲುವವನು. ಅವತ್ತಿನಿಂದ ಸದ್ದು ನಮಗೆ ತೊಂದರೆಯೇ ಆಗಲಿಲ್ಲ.

ಆದರೂ ಮೊದಲ ಸಲ ಕೆಟ್ಟಿತು. ತಿತಿಮತಿ, ಹುಣಸೂರು ದಾಟಿ ಅಷ್ಟು ದೂರ ಹೋದೆವು. ಮಂಚ ಒಳಗೆ ಜಾರಿದ ಕೂಡಲೇ ಕಿರುಚಿ ಎದ್ದು ಕೂತ. ಮಂಚ ಚಲಿಸುತ್ತದೆ ಅನ್ನುವುದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ. ತಪ್ಪು ನನ್ನದು. ದಾರಿಯುದ್ದಕ್ಕೂ ಆ ಅಮ್ಮ ಮಾತಾಡಲಿಲ್ಲ.

ಮರುದಿನವೇ ಅವನನ್ನು ಚಾಪೆಯ ಮೇಲೆ ಮಲಗಿಸಿ ಮೆಲ್ಲಗೆ ಪೆಟ್ಟಿಗೆಯೊಳಗೆ ಎಳೆದೆ. ಹತ್ತು ದಿನ ಅದೇ ಕೆಲಸ. ಎರಡನೇ ಸಲ ಪೂರ್ತಿ ಸ್ಕ್ಯಾನ್ ಆಯಿತು. ಅಮ್ಮ ಅವನ ಪಾದ ಹಿಡಿದು ನಿಂತಿದ್ದರು.

ಪೆಟ್ಟಿಗೆ ಇನ್ನೂ ಇದೆ. ಮುಂದಿನ ತಿಂಗಳು ಸೋಮವಾರಪೇಟೆ ಕಡೆಯ ಹುಡುಗಿಯೊಬ್ಬಳು ಬರುತ್ತಾಳೆ. ಅವಳಿಗೆ ಸದ್ದು ಅಂದರೇ ಆಗುವುದಿಲ್ಲ. ಸುಮ್ನೆ ಕಿವಿಗೆ ಹತ್ತಿ ಇಟ್ಟುಕೊಳ್ಳುವುದರಿಂದಲೇ ಶುರು ಮಾಡಬೇಕು.